ಡಿಕೋಡರ್ ಕೆಟ್ಟಿದೆ ಎನ್ನುವ ಮುನ್ನ

ಮಾದರಿ ರೈಲಿನ ಎಂಜಿನ್ನಿಗೆ ಡಿಸಿಸಿ (ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) ಡಿಕೋಡರ್, ಅಂದರೆ ಆ ಆದೇಶ ಓದಿ ಮೋಟಾರು ಮತ್ತು ದೀಪಗಳನ್ನು ನಡೆಸುವ ಪುಟ್ಟ ಸರ್ಕ್ಯೂಟ್, ಕೂರಿಸಿ ಹಳಿಯ ಮೇಲಿಟ್ಟಾಗ ಅದು ಅಲುಗದಿದ್ದರೆ ಮೊದಲ ಅನುಮಾನ ಡಿಕೋಡರ್ ಮೇಲೆಯೇ. ಹೊಸದನ್ನು ತಂದು ಹಾಕಿದರೆ ಅದೂ ಸುಟ್ಟುಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ರೋಗವಿರುವುದು ಹೆಚ್ಚಾಗಿ ಎಂಜಿನ್ನಿನ ವೈರಿಂಗ್‌ನಲ್ಲಿ, ಅದರಲ್ಲೂ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಬ್ರಶ್‌ಗಳ ಸುತ್ತಮುತ್ತ.

ಸಾದಾ ಡಿಸಿ ಎಂಜಿನ್ನಿನಲ್ಲಿ ಕರೆಂಟು ಚಕ್ರದಿಂದ ನೇರ ಮೋಟಾರಿಗೆ ಹೋಗುತ್ತದೆ. ಹಳೆಯ ಮಾದರಿಗಳಲ್ಲಿ ಒಂದು ಬ್ರಶ್ ಲೋಹದ ಚಾಸಿಗೇ ತಾಗಿರುತ್ತದೆ, ಚಾಸಿಯೇ ತಂತಿಯ ಕೆಲಸವನ್ನೂ ಮಾಡುತ್ತದೆ. ಡಿಕೋಡರ್ ಬಂದ ಮೇಲೆ ಈ ನೇರ ದಾರಿ ಪೂರ್ತಿ ಕಡಿದುಹೋಗಬೇಕು. ಏಕೆಂದರೆ ಡಿಕೋಡರ್ ಒಳಗೆ ಮೋಟಾರನ್ನು ನಡೆಸುವುದು ಪುಟ್ಟ ಟ್ರಾನ್ಸಿಸ್ಟರುಗಳ ಒಂದು ಸೇತುವೆ. ಬ್ರಶ್ ಎಲ್ಲೋ ಒಂದು ಕಡೆ ಹಳಿಗೆ ತಾಗಿದ್ದರೂ ಹಳಿಯ ವೋಲ್ಟೇಜ್ ಆ ಸೇತುವೆಗೆ ಹಿಂಬಾಗಿಲಿನಿಂದ ನುಗ್ಗುತ್ತದೆ. ಹಳಿಗೆ ಕರೆಂಟು ಒದಗಿಸುವ ಬೂಸ್ಟರ್ 3ರಿಂದ 5 ಆಂಪಿಯರ್ ಕೊಡಬಲ್ಲದು, ಎಚ್‌ಒ ಅಳತೆಯ (1:87 ಮಾದರಿಯ) ಡಿಕೋಡರ್ ಸಾಮಾನ್ಯವಾಗಿ ತಾಳುವುದು 1 ಆಂಪಿಯರ್. ಉಳಿದದ್ದು ಹೊಗೆಯ ವಾಸನೆಯೇ ಹೇಳುತ್ತದೆ.

ಹಾಗಾಗಿ ಡಿಕೋಡರನ್ನು ಪೊಟ್ಟಣದಿಂದ ತೆಗೆಯುವ ಮೊದಲೇ ಮಲ್ಟಿಮೀಟರ್ ಹಿಡಿಯಿರಿ. ಬ್ರಶ್‌ಗಳ ಹಳೆಯ ತಂತಿ ಬಿಡಿಸಿ, ಮೀಟರನ್ನು ಕಂಟಿನ್ಯೂಟಿಗೆ (ಸಂಪರ್ಕವಿದ್ದರೆ ಬೀಪ್ ಕೊಡುವ ಸ್ಥಾನ) ತಿರುಗಿಸಿ, ಒಂದೊಂದು ಬ್ರಶ್ ಮೇಲೂ ಒಂದು ಮೊನೆ ಇಟ್ಟು ಇನ್ನೊಂದನ್ನು ಬಲಗಡೆ ಚಕ್ರ, ಎಡಗಡೆ ಚಕ್ರ, ಚಾಸಿ ಹೀಗೆ ಮುಟ್ಟಿಸಿ. ಆರು ಅಳತೆ, ಆರರಲ್ಲೂ ಬೀಪ್ ಬರಬಾರದು. ಆಮೇಲೆ ಓಮ್‌ನ ದೊಡ್ಡ ರೇಂಜಿನಲ್ಲಿ ಇನ್ನೊಮ್ಮೆ ನೋಡಿ. ಬ್ರಶ್ ಸವೆದು ಉದುರಿದ ಇಂಗಾಲದ ಪುಡಿ ಸಣ್ಣಗೆ ಸೋರುತ್ತಿದ್ದರೆ ಬೀಪ್ ಕೇಳದಿದ್ದರೂ ಅಂಕಿ ಕಾಣಿಸುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡಿ: ಬೋಗಿಗಳನ್ನು (ಎಂಜಿನ್ನಿನ ಕೆಳಗೆ ತಿರುಗುವ ಚಕ್ರಗಳ ಚೌಕಟ್ಟು) ಎರಡೂ ಕಡೆಗೆ ತಿರುಗಿಸಿ, ಮೇಲಿನ ಬಾಡಿ ಕೂರಿಸಿ ತಿರುಪು ಬಿಗಿದು ಮತ್ತೆ ಅಳೆಯಿರಿ. ಮೇಜಿನ ಮೇಲೆ ಸರಿಯಿದ್ದದ್ದು ತಿರುವಿನಲ್ಲಿ ಶಾರ್ಟ್ ಆಗುವುದು ಹೀಗೆಯೇ. ತಾಗುತ್ತಿದ್ದರೆ ಬ್ರಶ್ ಕ್ಲಿಪ್ಪಿನ ಕೆಳಗೆ ಬಿಸಿ ತಾಳುವ ಕ್ಯಾಪ್ಟಾನ್ ಟೇಪ್, ಮೋಟಾರ್ ಹಿಡಿದಿರುವ ಲೋಹದ ತಿರುಪಿನ ಬದಲು ನೈಲಾನ್ ತಿರುಪು. ವಿದ್ಯುತ್ ಕೆಲಸದ ಪಿವಿಸಿ ಟೇಪ್ ಬೇಡ. ಬಿಸಿಗೆ ಅದರ ಅಂಟು ಇಳಿದು ಟೇಪ್ ಜಾರುತ್ತದೆ.

ಡಿಕೋಡರ್ ತಂತಿಗಳ ಬಣ್ಣಗಳ ಮಾತು ಚಿಕ್ಕದು. ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ನಿಯಮದಂತೆ ಕೆಂಪು ಬಲ ಹಳಿಗೆ, ಕಪ್ಪು ಎಡ ಹಳಿಗೆ, ಕಿತ್ತಳೆ ಮತ್ತು ಬೂದು ಮೋಟಾರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನ ದೀಪಕ್ಕೆ. ನೀಲಿ ಎಲ್ಲ ದೀಪಗಳಿಗೂ ಸಾಮಾನ್ಯ ಧನ ತುದಿ. ಎಲ್‌ಇಡಿಯ ಉದ್ದ ಕಾಲು ನೀಲಿಗೆ ಬರಬೇಕು, ಪ್ರತಿ ಎಲ್‌ಇಡಿಗೂ ತನ್ನದೇ 1 ಕಿಲೋಓಮ್ ರೆಸಿಸ್ಟರ್ ಇರಬೇಕು. ಮರೆತರೆ ಎಲ್‌ಇಡಿ ಒಮ್ಮೆ ಮಿಂಚಿ ಕಣ್ಣು ಮುಚ್ಚುತ್ತದೆ.

ಎಂಟು ಪಿನ್ನಿನ ಸಾಕೆಟ್ ಇದ್ದರೆ ಬೆಸುಗೆಯ ಗೋಜಿಲ್ಲ, ಆದರೆ ಪ್ಲಗ್ ತಿರುಗುಮುರುಗಾಗಿ ಕೂತುಬಿಡಬಹುದು. ಗುರುತು ಸುಲಭ: ಎಂಜಿನ್ ಓಡುತ್ತದೆ, ಆದರೆ ಹಿಮ್ಮುಖವಾಗಿ, ದೀಪ ಉರಿಯುವುದಿಲ್ಲ. ಕಿತ್ತು ತಿರುಗಿಸಿ ಹಾಕಿದರೆ ಮುಗಿಯಿತು. ಈ ತಪ್ಪಿನಿಂದ ಏನೂ ಸುಡದ ಹಾಗೆ ಪಿನ್ನುಗಳನ್ನು ಜಾಣತನದಿಂದ ಜೋಡಿಸಿದ್ದಾರೆ.

ಮೊದಲ ಬಾರಿ ಕರೆಂಟು ಕೊಡುವುದು ಪ್ರೋಗ್ರಾಮಿಂಗ್ ಹಳಿಯಲ್ಲೇ (ಡಿಕೋಡರಿನ ಸೆಟ್ಟಿಂಗ್ ಓದಲು, ಬದಲಿಸಲು ಇರುವ ಪ್ರತ್ಯೇಕ ಹಳಿ). ಅಲ್ಲಿ ಕರೆಂಟಿಗೆ 250 ಮಿಲಿಆಂಪಿಯರ್ ಕಡಿವಾಣವಿರುವುದರಿಂದ ವೈರಿಂಗ್ ತಪ್ಪಿದ್ದರೂ ಡಿಕೋಡರ್ ಬದುಕುವ ಸಾಧ್ಯತೆ ಹೆಚ್ಚು. ಸಿವಿ 1 ಓದಿಸಿ (ಸಿವಿ ಎಂದರೆ ಡಿಕೋಡರ್ ನೆನಪಿಟ್ಟುಕೊಳ್ಳುವ ಒಂದೊಂದು ಸೆಟ್ಟಿಂಗ್, 1ನೆಯದು ಎಂಜಿನ್ನಿನ ವಿಳಾಸ). ಹೊಸ ಡಿಕೋಡರ್ ಆದರೆ 3 ಎಂದು ಬರಬೇಕು. ಉತ್ತರವೇ ಬರಲಿಲ್ಲವೆಂದರೆ ಮೋಟಾರ್ ತಂತಿ ನೋಡಿ. ಡಿಕೋಡರ್ ಉತ್ತರಿಸುವುದು ಸಾಮಾನ್ಯವಾಗಿ ಮೋಟಾರನ್ನು ಸುಮಾರು 6 ಮಿಲಿಸೆಕೆಂಡು ತಟ್ಟಿ, ಕನಿಷ್ಠ 60 ಮಿಲಿಆಂಪಿಯರ್ ಎಳೆಯುವ ಮೂಲಕ. ಆ ತಟ್ಟುವಿಕೆಯೇ ಅದರ ದನಿ, ಮೋಟಾರ್ ಇಲ್ಲದಿದ್ದರೆ ಅದು ಮೂಕ. ಕೊಳೆ ಹಿಡಿದ ಚಕ್ರವೂ ಇದೇ ಲಕ್ಷಣ ತೋರಿಸುತ್ತದೆ. ದೊಡ್ಡ ಕೆಪಾಸಿಟರ್ ಇರುವ ಸೌಂಡ್ ಡಿಕೋಡರುಗಳದು ಬೇರೆ ಕಥೆ: ಕೆಪಾಸಿಟರ್ ತುಂಬಿಕೊಳ್ಳುವ ಭರವನ್ನೇ ಆದೇಶ ಕಳಿಸುವ ಕಮಾಂಡ್ ಸ್ಟೇಷನ್ ಶಾರ್ಟ್ ಎಂದು ತಿಳಿಯುತ್ತದೆ. ಓದಿಸುವಾಗ ಅದನ್ನು ಬಿಡಿಸಿಡಿ.

ಓಡಲು ಶುರುವಾದ ಮೇಲಿನ ತಕರಾರುಗಳಲ್ಲಿ ಬಹುಪಾಲು ದಿಕ್ಕು, ವೇಗ ಹಂತ, ವಿಳಾಸದ ಬಗೆಗಳನ್ನು ನಿರ್ಧರಿಸುವ ಸಿವಿ 29ರ ಸುತ್ತಲೇ ಇರುತ್ತವೆ. ಮೋಟಾರ್ ಮತ್ತು ದೀಪ ಎರಡೂ ಉಲ್ಟಾ ಇದ್ದರೆ ಅದರ ಬೆಲೆಗೆ 1 ಕೂಡಿಸಿ. ದೀಪ ಸರಿಯಿದ್ದು ಓಟ ಮಾತ್ರ ಉಲ್ಟಾ ಇದ್ದರೆ ಸಿವಿಯನ್ನು ಮುಟ್ಟಬೇಡಿ, ಕಿತ್ತಳೆ ಮತ್ತು ಬೂದು ತಂತಿಗಳನ್ನು ಅದಲು ಬದಲು ಮಾಡಿ. ವೇಗ ಏರಿಸಿದಂತೆ ದೀಪ ಹತ್ತಿ ಆರುತ್ತಿದ್ದರೆ ಕಂಟ್ರೋಲರ್ ಮತ್ತು ಡಿಕೋಡರ್‌ಗಳಲ್ಲಿ ಒಂದು 14 ವೇಗ ಹಂತದಲ್ಲೂ ಇನ್ನೊಂದು 28ರಲ್ಲೂ ಇದೆ ಎಂದರ್ಥ. ನಾಲ್ಕಂಕಿಯ ವಿಳಾಸ ಕೊಟ್ಟರೂ ಎಂಜಿನ್ 3ಕ್ಕೇ ಓಗೊಡುತ್ತಿದ್ದರೆ 32 ಕೂಡಿಸುವುದು ಮರೆತಿದೆ: ಸಾಮಾನ್ಯ 6 ಇದ್ದದ್ದು 38 ಆಗಬೇಕು. ಹಳಿಗಿಟ್ಟ ಕೂಡಲೇ ಹೇಳಕೇಳದೆ ಪೂರ್ತಿ ವೇಗದಲ್ಲಿ ಓಡಿದರೆ 4 ಕಳೆಯಿರಿ, ಅನಲಾಗ್ (ಸಾದಾ ಡಿಸಿ) ಓಟ ನಿಂತುಹೋಗುತ್ತದೆ.

ನಿಧಾನ ಓಟದಲ್ಲಿ ಎಂಜಿನ್ ಜಗ್ಗಿ ಜಗ್ಗಿ ಹೋಗುವುದಕ್ಕೆ ಮೋಟಾರಿಗೆ ಅಂಟಿಕೊಂಡಿರುವ ಹಳೆಯ ಕೆಪಾಸಿಟರ್ ಕಾರಣವಿರಬಹುದು. ಡಿಕೋಡರ್ ನಡುನಡುವೆ ಕರೆಂಟು ನಿಲ್ಲಿಸಿ, ತಿರುಗುವ ಮೋಟಾರ್ ತಾನೇ ಹುಟ್ಟಿಸುವ ವೋಲ್ಟೇಜನ್ನು ಅಳೆದು ವೇಗ ತಿಳಿಯುತ್ತದೆ. ಕೆಪಾಸಿಟರ್ ಆ ಅಳತೆಯನ್ನೇ ಕೆಡಿಸುತ್ತದೆ.

ಕೆಲವು ನಿಮಿಷ ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಓಡುವ ಎಂಜಿನ್ ಬಿಸಿಯಿಂದ ನಿಲ್ಲುತ್ತಿದೆ. ಡಿಕೋಡರ್ ಬಿಡಿಸಿ, ಮೋಟಾರಿಗೆ ನೇರ 12 ವೋಲ್ಟ್ ಡಿಸಿ ಕೊಟ್ಟು, ಸಾಲಿನಲ್ಲಿ ಆಮ್ಮೀಟರ್ ಇಟ್ಟು, ಫ್ಲೈವೀಲನ್ನು (ಮೋಟಾರಿನ ದಂಡಕ್ಕೆ ಕೂರಿಸಿದ ಭಾರದ ಚಕ್ರ) ಬೆರಳಿನಿಂದ ಒಂದೇ ಸೆಕೆಂಡು ತಡೆದು ಹಿಡಿಯಿರಿ. ಅಂಕಿ ಡಿಕೋಡರ್ ತಾಳಿಕೆಗಿಂತ ಮೇಲಿದ್ದರೆ ದೊಡ್ಡ ಡಿಕೋಡರ್ ಬೇಕು, ಇಲ್ಲವೇ ಗೇರುಗಳಲ್ಲಿ ಗಟ್ಟಿಯಾದ ಗ್ರೀಸ್ ತೊಳೆಯಬೇಕು. ಅಂಕಿ ಸರಿಯಿದ್ದೂ ಬಿಸಿಯಾದರೆ ಡಿಕೋಡರ್ ಸುತ್ತ ಟೇಪ್ ಸುತ್ತಿ ಉಸಿರು ಕಟ್ಟಿಸಿಲ್ಲವೇ ನೋಡಿ.

ಇಷ್ಟಾದರೂ ಅನುಮಾನ ಉಳಿದರೆ ಡಿಕೋಡರನ್ನು ಹೊರಗೆ ತೆಗೆದು ಕೆಂಪು ಕಪ್ಪು ತಂತಿಗಳನ್ನು ಪ್ರೋಗ್ರಾಮಿಂಗ್ ಹಳಿಗೆ ಸಿಕ್ಕಿಸಿ, ಕಿತ್ತಳೆ ಬೂದುಗಳ ನಡುವೆ ಮೋಟಾರ್ ಬದಲು ಅರ್ಧ ವಾಟಿನ 100 ಓಮ್ ರೆಸಿಸ್ಟರ್ ಹಾಕಿ ಸಿವಿ 8 ಓದಿಸಿ. ತಯಾರಕರ ಸಂಖ್ಯೆ ಬಂದರೆ ಎಂಜಿನ್ನಿಗೇ ಮರಳಿ, ಆರು ಅಳತೆಯಿಂದ ಮತ್ತೆ ಶುರು ಮಾಡಿ. ಬಾರದಿದ್ದರೆ ಮಾತ್ರ ಹೊಸ ಡಿಕೋಡರ್.