ಹಣಿಕಿ: ಆರಿಸಿದ ಎಲೆಯನ್ನು ಜಾದೂಗಾರ ಗುಟ್ಟಾಗಿ ತಿಳಿಯುವ ಬಗೆ

ಇಸ್ಪೀಟು ಎಲೆಗಳ ಜಾದೂವಿನಲ್ಲಿ ಪ್ರೇಕ್ಷಕನೊಬ್ಬ ಒಂದು ಎಲೆಯನ್ನು ಆರಿಸಿ, ನೋಡಿ, ಕಟ್ಟಿನೊಳಗೆ ಮರಳಿ ಸೇರಿಸಿದ ಮೇಲೆ, ಅದು ಯಾವ ಎಲೆ ಎಂಬುದನ್ನು ಯಾರ ಅರಿವಿಗೂ ಬಾರದಂತೆ ಕ್ಷಣಮಾತ್ರ ನೋಡಿಕೊಳ್ಳುವ ಕ್ರಿಯೆಗೆ ಆ ವಿದ್ಯೆಯವರು ‘ಪೀಕ್’ ಅಥವಾ ‘ಗ್ಲಿಂಪ್ಸ್’ ಎನ್ನುತ್ತಾರೆ. ಧಾರವಾಡದ ಕಡೆಯ ನಮಗೆ ಈ ಕ್ರಿಯೆಗೆ ಪದ ಹುಡುಕುವ ಕಷ್ಟವಿಲ್ಲ. ಪಕ್ಕದ ಮನೆಯ ಕಿಟಕಿಯಲ್ಲಿ, ಮುಂದಿನ ಬೆಂಚಿನವನ ಉತ್ತರ ಪತ್ರಿಕೆಯಲ್ಲಿ, ಕುದಿಯುವ ಪಾತ್ರೆಯಲ್ಲಿ ನಾವು ‘ಹಣಿಕಿ’ ಹಾಕುತ್ತಲೇ ಬೆಳೆದವರು. ಗ್ರಂಥಸ್ಥ ಕನ್ನಡದ ‘ಇಣುಕು’ ಇದಕ್ಕೆ ಸಮೀಪದ್ದಾದರೂ, ನೋಡಬಾರದ್ದನ್ನು ನೋಡುತ್ತಿದ್ದೇನೆ ಎಂಬ ಅಳುಕು ‘ಹಣಿಕಿ’ಯಲ್ಲಿ ಹೆಚ್ಚು ಕೇಳಿಸುತ್ತದೆ ಎಂದು ನನ್ನ ಕಿವಿ ಹೇಳುತ್ತದೆ. ಕಿಟೆಲ್ ಹೆಸರಿನ ಕಾಲೇಜಿರುವ ಊರಿನಲ್ಲಿ ಕುಳಿತು ಪದಗಳ ವಿಷಯದಲ್ಲಿ ಇಷ್ಟು ಜಂಬ ಪಟ್ಟರೆ ತಪ್ಪಾಗಲಾರದು.

‘ಪೀಕ್’ ಎಂಬ ಪದ ಹೊಸಬರನ್ನು ಗೊಂದಲಕ್ಕೆ ಕೆಡಹುತ್ತದೆ, ಏಕೆಂದರೆ ಅದಕ್ಕೆ ಒಂದಕ್ಕೊಂದು ಎದುರಾದ ಎರಡು ಅರ್ಥಗಳಿವೆ. ಜಾದೂಗಾರ ಕಟ್ಟನ್ನು ಪ್ರೇಕ್ಷಕನ ಮುಖದೆದುರು ಹಿಡಿದು, ಒಂದು ಮೂಲೆಯನ್ನು ಬೆರಳಿನಿಂದ ಸರಸರನೆ ಬಿಡುತ್ತಾ ಹೋಗಿ, ‘ಸಾಕು’ ಎಂದಾಗ ನಿಲ್ಲಿಸಿ, ಅಲ್ಲಿ ಕಾಣುವ ಎಲೆಯನ್ನು ಹೊರಗೆ ತೆಗೆಯದೆಯೇ ನೆನಪಿಟ್ಟುಕೊಳ್ಳಲು ಹೇಳುವುದೂ ಪೀಕ್ ಎನಿಸಿಕೊಳ್ಳುತ್ತದೆ. ಅಲ್ಲಿ ನೋಡುವವನು ಪ್ರೇಕ್ಷಕ, ಮತ್ತು ಅವನ ನೋಟ ಬಹಿರಂಗವಾದದ್ದು. ಇನ್ನೊಂದು ಅರ್ಥದಲ್ಲಿ ನೋಡುವವನು ಜಾದೂಗಾರ, ಮತ್ತು ಅವನ ನೋಟ ಗುಪ್ತವಾದದ್ದು. ಒಂದೇ ಆಟದಲ್ಲಿ ಎರಡೂ ಬರಬಹುದು. ಎಷ್ಟೋ ಸಲ ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಪ್ರೇಕ್ಷಕನದ್ದನ್ನು ‘ಇಣುಕು ಆಯ್ಕೆ’ ಎಂದೂ ಜಾದೂಗಾರನದ್ದನ್ನು ‘ಹಣಿಕಿ’ ಎಂದೂ ಬೇರ್ಪಡಿಸಿ ಬರೆಯುವುದು ಮೇಲೆಂದು ನನಗೆ ತೋರುತ್ತದೆ. ಈ ಬರಹದಲ್ಲಿ ಹಣಿಕಿ ಎಂದರೆ ಎರಡನೆಯದು ಮಾತ್ರ.

ದೀಪಾವಳಿ ಅಮಾವಾಸ್ಯೆಯ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ನಡೆದ ಒಂದು ಪ್ರಸಂಗದಿಂದ ಈ ಮಾತು ಸ್ಪಷ್ಟವಾದೀತು. ಹನ್ನೆರಡು ವರ್ಷದ ನನ್ನ ಅಕ್ಕನ ಮಗ ಹುಬ್ಬಳ್ಳಿಯ ದುರ್ಗದಬೈಲಿನಿಂದ ತಂದ ಹೊಸ ಕಟ್ಟಿನಿಂದ ಆಟ ತೋರಿಸುತ್ತಿದ್ದ. ಎದುರಿಗೆ ಜೀವಮಾನವೆಲ್ಲ ಎಲೆ ಆಡಿದ ನಮ್ಮ ಕಾಕಾ ಕುಳಿತಿದ್ದರು, ನಡುವೆ ಗಿರ್ಮಿಟ್ಟಿನ ತಟ್ಟೆಯಿತ್ತು. ಹುಡುಗ ಕಾಕಾನ ಎಲೆಯನ್ನು ಕಟ್ಟಿನ ಬುಡಕ್ಕೆ ತಂದುಕೊಂಡದ್ದು ಯಾರಿಗೂ ತಿಳಿಯಲಿಲ್ಲ. ಕೈಚಳಕ ಅಷ್ಟು ಚೆನ್ನಾಗಿತ್ತು. ಆಮೇಲೆ ಅವನು ಕಟ್ಟನ್ನು ಎದೆಯ ಹತ್ತಿರಕ್ಕೆ ಓರೆ ಮಾಡಿಕೊಂಡು ಒಂದು ಗಳಿಗೆ ಸುಮ್ಮನಾದ. “ಏ ತಮ್ಮಾ, ಎಲಿ ನೋಡಿದಿ ನೀ,” ಎಂದರು ಕಾಕಾ. “ಇಲ್ಲಜ್ಜಾ, ದೇವರಾಣೆ ನೋಡಿಲ್ಲ.” “ಎಲಿ ನನಗೇನ ಕಾಣಲಿಲ್ಲ. ಆದ್ರ ನಿನ್ನ ಗದ್ದ ಕೆಳಗ ಬಂತಲ್ಲ, ಅದು ಕಂಡ್ತು.” ಹಣಿಕಿಯ ಪೂರ್ತಿ ಶಾಸ್ತ್ರ ಈ ಗದ್ದದ ಮಾತಿನಲ್ಲಿದೆ. ಎಲೆಯನ್ನು ನೋಡುವುದು ಕಷ್ಟದ ಕೆಲಸವಲ್ಲ. ನೋಡಬೇಕೆಂಬ ಆಸೆ ಮೈಯಲ್ಲಿ ಎಲ್ಲಿಯೂ ಕಾಣಿಸದಂತೆ ಇರುವುದು ಕಷ್ಟದ ಕೆಲಸ.

ಮೊದಲು ನೋಟದ ಕಡೆಯನ್ನೇ ನೋಡೋಣ. ಈಗಿನ ಎಲೆಗಳ ಮೂಲೆಯಲ್ಲಿ ಅಂಕಿ ಮತ್ತು ಬಣ್ಣದ (ಇಸ್ಪೀಟು, ಆಟೀನು, ಡೈಮನ್, ಕಳಾವರು) ಗುರುತು ಚಿಕ್ಕದಾಗಿ ಅಚ್ಚಾಗಿರುತ್ತವೆ. ಅವು ವ್ಯಾಪಕವಾಗಿ ಬಳಕೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೆ ಮುಂಚಿನ ಎಲೆಯನ್ನು ತಿಳಿಯಲು ಮುಖದ ಬಹುಭಾಗವನ್ನು ಕಾಣಬೇಕಾಗುತ್ತಿತ್ತು. ಆಟಗಾರರು ಕೈಯಲ್ಲಿ ಎಲೆಗಳನ್ನು ಬೀಸಣಿಗೆಯಂತೆ ಅಗಲವಾಗಿ ಬಿಚ್ಚದೆ, ಒತ್ತಾಗಿ ಹಿಡಿದು ನೋಡಲಿ ಎಂದು ಮಾಡಿದ ಈ ಅನುಕೂಲ ಜಾದೂಗಾರನಿಗೂ ಒದಗಿತು: ಸುಮಾರು 63 ಮಿ.ಮೀ. ಅಗಲ ಮತ್ತು 88 ಮಿ.ಮೀ. ಉದ್ದದ ಎಲೆಯಲ್ಲಿ ಈಗ ಉಗುರಿನಷ್ಟು ಮೂಲೆ ಕಂಡರೆ ಸಾಕು. ಆದರೆ ಯಾವ ಮೂಲೆಯಾದರೂ ಆದೀತು ಎಂದಲ್ಲ. ಸಾಮಾನ್ಯ ಕಟ್ಟಿನಲ್ಲಿ ಎಲೆಯ ಮುಖವನ್ನು ಎದುರಿಗೆ ಹಿಡಿದರೆ ಗುರುತು ಮೇಲಿನ ಎಡಮೂಲೆಯಲ್ಲೂ ಕೆಳಗಿನ ಬಲಮೂಲೆಯಲ್ಲೂ ಇರುತ್ತದೆ. ಉಳಿದೆರಡು ಮೂಲೆಗಳು ಬರಿ ಬಿಳಿ. ಎಲೆ ಬೋರಲಾಗಿದ್ದಾಗ ಈ ಲೆಕ್ಕ ಅದಲು ಬದಲಾಗಿ, ಹಿಡಿದವನಿಂದ ದೂರದ ಬಲಮೂಲೆ ಮತ್ತು ಹತ್ತಿರದ ಎಡಮೂಲೆ ಕೆಲಸಕ್ಕೆ ಬರುತ್ತವೆ. ಕಲಿಯುವವನು ತಪ್ಪು ಮೂಲೆಯನ್ನೆತ್ತಿ ಬಿಳಿ ಕಾಗದವನ್ನು ಕಂಡು ಪೆಚ್ಚಾಗುವುದು ನಡೆದೇ ನಡೆಯುತ್ತದೆ.

ಹಣಿಕಿಯ ವಿಧಾನಗಳು ಹಲವಿದ್ದರೂ ಅವೆಲ್ಲ ಕೈ ಹೇಗೂ ಮಾಡಲೇಬೇಕಾದ ಯಾವುದೋ ಒಂದು ಸಹಜ ಕೆಲಸದ ನೆರಳಿನಲ್ಲಿ ಅಡಗಿರುತ್ತವೆ. ಆರಿಸಿದ ಎಲೆಯನ್ನು ಬುಡಕ್ಕೆ ತಂದುಕೊಂಡವನು ಕಟ್ಟಿನ ಅಂಚುಗಳನ್ನು ಸಮ ಮಾಡುವ ನೆಪದಲ್ಲಿ ಅದನ್ನು ಒಮ್ಮೆ ಸುತ್ತು ತಿರುಗಿಸಿದರೆ, ಆ ಸುತ್ತಿನ ಯಾವುದೋ ಒಂದು ಬಿಂದುವಿನಲ್ಲಿ ಬುಡದ ಎಲೆಯ ಮುಖ ಅವನತ್ತ ಬಂದು ಹೋಗುತ್ತದೆ. ಕಟ್ಟು ಹಿಡಿದ ಕೈಯನ್ನೇ ಚಾಚಿ ‘ನೀವು ಸ್ವಲ್ಪ ಮುಂದೆ ಬರ್ರಿ’ ಎಂದು ಯಾರನ್ನೋ ಕರೆದರೆ, ಕೈ ಹೊರಳಿದಾಗಲೂ ಅದೇ ಆಗುತ್ತದೆ. ಎಲೆ ಕಟ್ಟಿನ ತಲೆಯ ಮೇಲಿದ್ದರೆ ಹೆಬ್ಬೆರಳಿನಿಂದ ಅದನ್ನು ತುಸು ಒತ್ತಿ ಬಾಗಿಸಿದಾಗ ಹಿಂದಿನ ಮೂಲೆಯಲ್ಲಿ ಸಣ್ಣದೊಂದು ಗೂಡು ಬಿಡುತ್ತದೆ, ಮೇಲಿನಿಂದ ನೋಡುವವನಿಗೆ ಮಾತ್ರ ಅದರೊಳಗಿನ ಗುರುತು ಕಾಣುತ್ತದೆ. ಎಲೆ ನಡುವೆಯೇ ಉಳಿದಿದ್ದರೆ ಕಿರುಬೆರಳಿನ ತುದಿಯನ್ನು ಅದರ ಮೇಲೋ ಕೆಳಗೋ ಸಿಕ್ಕಿಸಿ ಜಾಗವನ್ನು ಕಾಯ್ದಿಟ್ಟುಕೊಂಡಿರಬೇಕು. ಇವುಗಳಲ್ಲಿ ಕರೆಯುವ ಕೈಯ ಹಣಿಕಿಯೇ ನನಗೆ ಎಲ್ಲಕ್ಕಿಂತ ಚೆಲುವಾಗಿ ಕಾಣುತ್ತದೆ. ಅಲ್ಲಿ ಎಲೆಗಳ ಮೇಲೆ ಏನೂ ಮಾಡಿದಂತೆಯೇ ತೋರುವುದಿಲ್ಲ. ಜೂಜುಕೋರರು ಉಂಗುರಕ್ಕೋ ಬೇರಾವುದೋ ವಸ್ತುವಿಗೋ ಸಣ್ಣ ಕನ್ನಡಿಯನ್ನು ಅಂಟಿಸಿಕೊಂಡು, ಹಂಚುವಾಗ ಎಲೆಗಳ ಪ್ರತಿಬಿಂಬ ನೋಡುತ್ತಿದ್ದರು, ಅದಕ್ಕೆ ‘ಶೈನರ್’ ಎಂದು ಹೆಸರು. ಈಗ ಮೇಜಿನ ಮೇಲೆ ಅಂಗಾತ ಬಿದ್ದಿರುವ, ಬೆಳಕು ಆರಿದ ಮೊಬೈಲಿನ ಗಾಜೇ ಆ ಕೆಲಸವನ್ನು ಮಾಡಿಬಿಡಬಲ್ಲದು.

ನೋಟಕ್ಕಿಂತ ಹೆಚ್ಚು ಕಷ್ಟ ಅದರ ಹೊತ್ತನ್ನು ಆರಿಸುವುದು. ಪ್ರೇಕ್ಷಕರು ಜಾದೂಗಾರನ ಕೈಯನ್ನು ದಿಟ್ಟಿಸುವುದು ಏನೋ ನಡೆಯಲಿದೆ ಎಂದು ಅವರಿಗೆ ಅನಿಸಿದಾಗ. ಅದು ಮುಗಿಯಿತು ಎಂದುಕೊಂಡಾಗ ಗಮನ ಸಡಿಲವಾಗುತ್ತದೆ. ಎಲೆಯನ್ನು ಒಳಗೆ ಸೇರಿಸಿ ಆದ ಮೇಲೆ ಯಾರೋ ನಗುವಾಗ, ಜಾದೂಗಾರ ತಲೆಯೆತ್ತಿ ಎದುರಿನವರ ಹೆಸರು ಕೇಳುವಾಗ, ಕಟ್ಟನ್ನು ಕೆಳಗಿಡುವಾಗ ಬರುವ ಆ ಸಡಿಲು ಗಳಿಗೆಯಲ್ಲಿ ಹಣಿಕಿ ನಡೆಯಬೇಕು. ಕಣ್ಣು ಎಲೆಯ ಮೇಲೆ ನಿಲ್ಲಬಾರದು. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಸಾಗುವ ದಾರಿಯಲ್ಲಿ ಅದು ಎಲೆಯನ್ನು ಹಾದು ಹೋಗಬೇಕು. ಕಂಡ ಕೂಡಲೇ ಹೇಳಿಬಿಡುವುದಂತೂ ಆಟವನ್ನು ಕೆಡಿಸುವ ಖಾತ್ರಿಯಾದ ದಾರಿ. ತಿಳಿದುಕೊಂಡ ಗಳಿಗೆಗೂ ಹೇಳುವ ಗಳಿಗೆಗೂ ನಡುವೆ ಕಟ್ಟು ಬೇರೆಯವರ ಕೈಗೆ ಹೋಗಬೇಕು, ಎಲೆಗಳನ್ನು ಅವರೇ ಕಲಸಬೇಕು, ನಾಲ್ಕು ಬೇರೆ ಮಾತುಗಳು ಬಂದು ಹೋಗಬೇಕು. ಆಗ ಪ್ರೇಕ್ಷಕ ತನ್ನ ನೆನಪನ್ನು ತಡಕಾಡಿದರೂ ಅವನಿಗೆ ಸಿಗುವುದು ತಾನೇ ಎಲೆ ಕಲಸಿದ ದೃಶ್ಯ. ಗುಟ್ಟು ಅದಕ್ಕೂ ಹಿಂದೆ, ಇನ್ನೂ ಆಟವೇ ಶುರುವಾಗಿಲ್ಲ ಎಂದು ಅವನು ತಿಳಿದಿದ್ದ ಹೊತ್ತಿನಲ್ಲಿ ಹೂತಿರುತ್ತದೆ.

ಕೆಲವೊಮ್ಮೆ ಕಂಡದ್ದು ಅರ್ಧವೇ ಆಗಿರುತ್ತದೆ. ಮದುವೆಯ ಮಂಟಪದ ಬಣ್ಣದ ದೀಪಗಳಡಿ ಆಟೀನು, ಅಂದರೆ ನಮ್ಮ ಕಡೆಯ ಬದಾಮು, ಡೈಮನ್ನಿನಂತೆ ಕಾಣಬಹುದು. ತಲೆಕೆಳಗಾಗಿ ಕಂಡ ಅಂಕಿ 6 ಆಗಿತ್ತೋ 9 ಆಗಿತ್ತೋ ಎಂಬ ಸಂಶಯ ಉಳಿಯಬಹುದು. ಆದರೂ ಅರ್ಧ ನೋಟ ವ್ಯರ್ಥವಲ್ಲ. ಏನನ್ನೂ ನೋಡದವನು 52 ಎಲೆಗಳಲ್ಲಿ ಒಂದನ್ನು ಹೌದು-ಅಲ್ಲ ಎಂಬ ಉತ್ತರಗಳಿಂದಲೇ ಹಿಡಿಯಬೇಕಾದರೆ ಆರು ಪ್ರಶ್ನೆಗಳು ಬೇಕಾಗಬಹುದು. 52ರಿಂದ 26ಕ್ಕೆ, 13ಕ್ಕೆ, 7ಕ್ಕೆ, 4ಕ್ಕೆ, 2ಕ್ಕೆ, ಕೊನೆಗೆ ಒಂದಕ್ಕೆ ಇಳಿಯುವ ಲೆಕ್ಕವಿದು. ಏಳು ಎಂಬ ಅಂಕಿಯೊಂದೇ ಕಂಡಿದ್ದರೆ ಉಳಿಯುವುದು ನಾಲ್ಕು ಎಲೆ, ಎರಡೇ ಪ್ರಶ್ನೆ. ಅಂಕಿಯ ಜೊತೆಗೆ ಕೆಂಪೆಂಬುದೂ ಕಂಡಿದ್ದರೆ ಒಂದೇ ಒಂದು. ಆ ಒಂದನ್ನೂ ಪ್ರಶ್ನೆಯಂತೆ ಕೇಳದೆ, ‘ಬದಾಮು ಅನಸ್ತದ ನನಗ, ಅಲ್ಲೇನ್ರಿ?’ ಎಂದು ಅರ್ಧ ಹೇಳಿಕೆಯಾಗಿ ತೇಲಿಬಿಟ್ಟು, ಎದುರಿನವರ ಮುಖ ಅರಳಿದರೆ ಅದನ್ನೇ ಹಿಡಿದು ಮುಂದೆ ಸಾಗುವುದು, ಅರಳದಿದ್ದರೆ ‘ಅಲ್ಲಲ್ಲ’ ಎಂದು ತಾನೇ ತಿದ್ದಿಕೊಳ್ಳುವುದು ‘ಫಿಶಿಂಗ್’ ಎನಿಸುತ್ತದೆ. ಗಾಳ ಹಾಕುವುದೆಂದು ಅದರ ಅರ್ಥ. ಕಣಿ ಹೇಳುವ ಕೊರವಂಜಿಯ ಮಾತಿನ ಧಾಟಿ ಬಲ್ಲವರಿಗೆ ಇದು ಹೊಸದಲ್ಲ.

ಹಣಿಕಿಯ ನೆಂಟರು ಕೆಲವರಿದ್ದಾರೆ, ಅವರನ್ನು ಅದರೊಂದಿಗೆ ಬೆರೆಸಬಾರದು. ತನಗೆ ಮೊದಲೇ ಗೊತ್ತಿರುವ ಎಲೆಯನ್ನೇ ಪ್ರೇಕ್ಷಕ ತನ್ನಿಚ್ಛೆಯಿಂದ ಆರಿಸಿದೆ ಎಂದುಕೊಳ್ಳುವಂತೆ ಮಾಡುವುದು ‘ಫೋರ್ಸ್’. ಅಲ್ಲಿ ನೋಡಬೇಕಾದ್ದು ಏನೂ ಉಳಿದಿರುವುದಿಲ್ಲ. ಬುಡದ ಎಲೆಯನ್ನು ಮೊದಲೇ ನೋಡಿಟ್ಟುಕೊಂಡು, ಕಟ್ಟನ್ನು ಕತ್ತರಿಸುವಾಗ ಅದು ಆರಿಸಿದ ಎಲೆಯ ಮೇಲೆ ಬಂದು ಕೂರುವಂತೆ ಮಾಡಿದರೆ ಅದು ‘ಕೀ ಕಾರ್ಡ್’, ಅಂದರೆ ಕಾವಲು ಎಲೆ. ಇಲ್ಲಿ ಹಣಿಕಿ ಇದೆ, ಆದರೆ ಬೇರೆ ಎಲೆಯ ಮೇಲೆ. ಇದೇ ವಿಚಾರ ಜೋಡಿಸಿಟ್ಟ ಕಟ್ಟಿನಲ್ಲಿ ಇನ್ನೂ ಸೊಗಸಾಗಿ ಕೆಲಸ ಮಾಡುತ್ತದೆ. ಸೈ ಸ್ಟೆಬಿನ್ಸ್ ಹೆಸರಿನಿಂದ ಪ್ರಸಿದ್ಧವಾದ ಜೋಡಣೆಯಲ್ಲಿ ಪ್ರತಿಯೊಂದು ಎಲೆಯೂ ಹಿಂದಿನದಕ್ಕಿಂತ ಮೂರು ಹೆಚ್ಚು, ಬಣ್ಣಗಳು ಕಳಾವರು, ಆಟೀನು, ಇಸ್ಪೀಟು, ಡೈಮನ್ ಎಂಬ ಕ್ರಮದಲ್ಲಿ ಸುತ್ತುತ್ತವೆ. ಪ್ರೇಕ್ಷಕ ಎಲೆ ತೆಗೆದ ಜಾಗದಲ್ಲಿ ಕಟ್ಟನ್ನು ಕತ್ತರಿಸಿ, ಅದರ ಮೇಲಿದ್ದ ಎಲೆಗಳನ್ನು ಬುಡಕ್ಕೆ ಹಾಕಿ, ಬುಡದಲ್ಲಿ ಕಳಾವರ ನಾಲ್ಕನ್ನು ಕಂಡವನಿಗೆ ಪ್ರೇಕ್ಷಕನ ಕೈಯಲ್ಲಿರುವುದು ಆಟೀನಿನ ಏಳು ಎಂದು ಗೊತ್ತಾಗುತ್ತದೆ, ಆ ಎಲೆ ಇನ್ನೂ ಕಟ್ಟಿಗೆ ಮರಳಿರುವುದೇ ಇಲ್ಲ. ಇನ್ನು ಬೆನ್ನಿನ ಮೇಲೆ ಗುರುತಿರುವ ಎಲೆಗಳಲ್ಲಿ ಮುಖವನ್ನು ನೋಡುವ ಅಗತ್ಯವೇ ಇಲ್ಲ. ಆ ಸಂಜೆ ಗಿರ್ಮಿಟ್ಟಿನ ಎಣ್ಣೆಗೈಯಿಂದ ಕಾಕಾ ಹಿಡಿದ ಎಲೆಯ ಬೆನ್ನಿಗೆ ಅರ್ಧ ಹೆಬ್ಬೆರಳು ಅಚ್ಚಾಗಿತ್ತು. ಹುಡುಗ ಅದನ್ನು ಗಮನಿಸಿದ್ದರೆ ಗದ್ದ ಇಳಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಮನಸ್ಸನ್ನು ಓದುವಂತೆ ತೋರಿಸುವ ಮೆಂಟಲಿಸಂ ಕಲೆಯಲ್ಲಿ ಹಣಿಕಿಯ ವ್ಯಾಪ್ತಿ ಎಲೆಗಳಾಚೆಗೂ ಚಾಚಿದೆ. ಪ್ರೇಕ್ಷಕ ಚೀಟಿಯಲ್ಲಿ ಬರೆದು ಮಡಚಿದ ಹೆಸರನ್ನು ಮಡಿಕೆಯ ಸಂದಿನಿಂದ, ಅಥವಾ ಅದಕ್ಕೆಂದೇ ಹೊಲಿದ ಪಾಕೀಟಿನ ಗುಪ್ತ ಕಿಂಡಿಯಿಂದ ನೋಡುವುದಕ್ಕೂ ಅಲ್ಲಿ ಪೀಕ್ ಎಂದೇ ಹೆಸರು. 1934ರಿಂದ 1941ರವರೆಗೆ ‘ದಿ ಜಿಂಕ್ಸ್’ ಎಂಬ ಪತ್ರಿಕೆಯನ್ನು ನಡೆಸಿದ ಅಮೆರಿಕದ ಥಿಯೊಡೋರ್ ಅನೆಮನ್‌ರಂಥವರು ಬೆಳೆಸಿದ ಈ ಕಲೆಯಲ್ಲಿ ಇಸ್ಪೀಟು ಎಲೆಯನ್ನು ತುಸು ಸಂಶಯದಿಂದ ನೋಡುವವರಿದ್ದಾರೆ, ಏಕೆಂದರೆ ಕಟ್ಟು ಕೈಗೆ ಬಂದ ಕೂಡಲೇ ಪ್ರೇಕ್ಷಕನಿಗೆ ಕೈಚಳಕದ ನೆನಪಾಗುತ್ತದೆ. ಹಾಗಾಗಿ ಎಲೆಯನ್ನು ಬಳಸುವ ಮೆಂಟಲಿಸ್ಟ್ ಕಟ್ಟನ್ನು ಒರಟಾಗಿ, ರೂಢಿಯಿಲ್ಲದವನಂತೆ ಹಿಡಿಯುತ್ತಾನೆ. ಜಾದೂಗಾರ ಎಲೆಯನ್ನು ಹುಡುಕಿ ತೆಗೆಯುತ್ತಾನೆ. ಇವನು ಎಲೆಯನ್ನು ಮುಟ್ಟದೆ, ಕೆಂಪು ಬಣ್ಣ ಕಾಣುತ್ತಿದೆ, ಒಬ್ಬ ಹೆಣ್ಣುಮಗಳ ಮುಖ ಕಾಣುತ್ತಿದೆ ಎಂದು ತಡೆತಡೆದು ಹೇಳುತ್ತಾ ರಾಣಿಯ ಹತ್ತಿರ ಬರುತ್ತಾನೆ. ಇಬ್ಬರೂ ಮಾಡಿದ ಹಣಿಕಿ ಒಂದೇ, ಅದರ ಮೇಲೆ ಹೊದಿಸಿದ ಕಥೆ ಬೇರೆ.

ಜೂಜಿನ ಕಣದಲ್ಲಿ ಇದೇ ನೋಟ ಮೋಸವಾಗುತ್ತದೆ. ಮೇಲಿನ ಎಲೆಯನ್ನು ನೋಡಿ, ಅದನ್ನು ಉಳಿಸಿಕೊಂಡು ಅದರ ಕೆಳಗಿನದನ್ನು ಹಂಚುವ ಹಳೆಯ ಕಳ್ಳಾಟಕ್ಕೆ ಹಣಿಕಿಯೇ ಮೊದಲ ಮೆಟ್ಟಿಲು. ಅಂದರ್-ಬಾಹರ್ ಆಡುವಾಗ ಸಿಕ್ಕಿಬಿದ್ದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುವುದರಿಂದ, ಎಲೆಗಳ ಕಟ್ಟನ್ನು ಕಂಡರೆ ಮುಖ ಸಿಂಡರಿಸುವ ಹಿರಿಯರು ಈಗಲೂ ಇದ್ದಾರೆ, ಅಕ್ಕನ ಅತ್ತೆಯೂ ಅವರಲ್ಲೊಬ್ಬರು. ಆದರೆ ಜಾದೂವಿನಲ್ಲಿ ಮರುಳಾಗುವುದಕ್ಕೆಂದೇ ಜನ ಎದುರು ಕೂರುತ್ತಾರೆ, ಮತ್ತು ಅಲ್ಲಿ ಯಾರ ಕಿಸೆಯಿಂದಲೂ ಏನೂ ಹೋಗುವುದಿಲ್ಲ.

ಪಾಡ್ಯದ ಬೆಳಿಗ್ಗೆ ಹುಡುಗ ಮತ್ತೆ ಕಟ್ಟು ಹಿಡಿದು ಬಂದ. ಕಾಕಾ ಕೈ ಒರೆಸಿಕೊಂಡು ಒಂದು ಎಲೆ ತೆಗೆದರು, ನೋಡಿದರು, ಒಳಗಿಟ್ಟರು. ಹುಡುಗ ಒಳಮನೆಯ ಕಡೆಗೆ ಕಟ್ಟು ಹಿಡಿದಿದ್ದ ಕೈಯನ್ನೇ ಚಾಚಿ, “ಅವ್ವಾ, ಅಜ್ಜಗ ಚಹಾ ತಾ,” ಎಂದು ಕೂಗಿದ. ಆಮೇಲೆ ಕಟ್ಟನ್ನು ಕಾಕಾನಿಗೇ ಕೊಟ್ಟು ಚೆನ್ನಾಗಿ ಕಲಸಿ ತೊಡೆಯ ಕೆಳಗೆ ಇಟ್ಟುಕೊಳ್ಳಲು ಹೇಳಿದ. ಚಹಾ ಬಂತು, ಕುಡಿದದ್ದೂ ಆಯಿತು. ಹುಡುಗ ಲೋಟ ಒಳಗಿಟ್ಟು ಬಂದು ಎದುರು ಕೂತಾಗ ಕಾಕಾ ಅವನ ಗದ್ದದಿಂದ ಕಣ್ಣು ಕೀಳಲಿಲ್ಲ. “ಬದಾಮ ರಾಣಿ,” ಎಂದ ಹುಡುಗ. ಕಾಕಾ ತೊಡೆಯ ಕೆಳಗಿನಿಂದ ಕಟ್ಟನ್ನು ತೆಗೆದು, ಅದನ್ನು ಒಮ್ಮೆ, ಹುಡುಗನನ್ನು ಒಮ್ಮೆ ನೋಡಿದರು. “ಯಾವಾಗ ನೋಡಿದ್ಯೋ?” ಎಂದರು.