ವಿದುರಾಶ್ವತ್ಥದ ಗುಂಡು, ಜಿನೀವಾದ ವ್ಯಾಖ್ಯಾನ

ಗೌರಿಬಿದನೂರಿನಿಂದ ಆರೇಳು ಕಿಲೋಮೀಟರ್ ದೂರದ ವಿದುರಾಶ್ವತ್ಥಕ್ಕೆ ಜನ ಹೋಗುವುದು ಹೆಚ್ಚಾಗಿ ನಾಗರಕಲ್ಲಿಗೆ ಹರಕೆ ಒಪ್ಪಿಸಲು. ಉತ್ತರ ಪಿನಾಕಿನಿ ದಡದ ಆ ಕ್ಷೇತ್ರದಲ್ಲೇ 1938ರ ಏಪ್ರಿಲ್ 25ರಂದು ಗೋಲಿಬಾರ್ ನಡೆಯಿತು. ಆಗ ಅದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಎರಡು ವಾರ ಮೊದಲು ಮಂಡ್ಯದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಮೈಸೂರು ಸರ್ಕಾರ ಕಾಂಗ್ರೆಸ್ ಬಾವುಟ ಹಾರಿಸಬಾರದೆಂದು ನಿಷೇಧಾಜ್ಞೆ ಹೊರಡಿಸಿದ್ದರೂ ಜನ ವಿದುರಾಶ್ವತ್ಥದ ತೋಪಿನಲ್ಲಿ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಊರಿನ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಊರು ಇಂದಿಗೂ ನೆನೆಯುವುದು 30ಕ್ಕೂ ಹೆಚ್ಚು ಮಂದಿಯನ್ನು.

ಇದಕ್ಕೆ ಐದು ತಿಂಗಳು ಮೊದಲು, 1937ರ ನವೆಂಬರ್ 16ರಂದು, ಜಿನೀವಾದಲ್ಲಿ, ವಿಶ್ವಸಂಸ್ಥೆಗೆ ಮುಂಚೆ ಇದ್ದ ರಾಷ್ಟ್ರಸಂಘ ಭಯೋತ್ಪಾದನೆ ತಡೆಯುವ ಒಪ್ಪಂದವೊಂದನ್ನು ಅಂಗೀಕರಿಸಿತ್ತು. 1934ರಲ್ಲಿ ಮಾರ್ಸೇಲ್ಸ್‌ನಲ್ಲಿ ಯುಗೊಸ್ಲಾವಿಯಾದ ದೊರೆ ಅಲೆಕ್ಸಾಂಡರ್ ಹತ್ಯೆಯಾದದ್ದು ಅದಕ್ಕೆ ನೆಪ. ಪ್ರಭುತ್ವವೊಂದರ ವಿರುದ್ಧ, ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶದಿಂದ ನಡೆಸುವ ಅಪರಾಧವೇ ಭಯೋತ್ಪಾದನೆ ಎಂಬುದು ಅದರ ವ್ಯಾಖ್ಯಾನ. 24 ದೇಶಗಳು ಸಹಿ ಹಾಕಿದವು. ಆದರೆ ಅನುಮೋದಿಸಿದ್ದು ಒಂದೇ ದೇಶ: ಭಾರತ. ಅಂದರೆ, ದೆಹಲಿಯಲ್ಲಿ ಕುಳಿತಿದ್ದ ಬ್ರಿಟಿಷ್ ಸರ್ಕಾರ. ಒಪ್ಪಂದ ಜಾರಿಗೇ ಬರಲಿಲ್ಲ.

ಆ ವ್ಯಾಖ್ಯಾನದ ‘ಪ್ರಭುತ್ವದ ವಿರುದ್ಧ’ ಎಂಬ ಎರಡೇ ಪದಗಳನ್ನು ಗಮನಿಸಬೇಕು. ಏನು ಮಾಡಿದರು ಎನ್ನುವುದಕ್ಕಿಂತ ಯಾರ ಮೇಲೆ ಮಾಡಿದರು ಎನ್ನುವುದನ್ನೇ ಅವು ಮುಂದಿಡುತ್ತವೆ. ಆ ಅಳತೆಗೋಲಿಗೆ ವಿದುರಾಶ್ವತ್ಥ ಸಿಕ್ಕುವುದೇ ಇಲ್ಲ. 1919ರ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್ ಕೂಡ ಸಿಕ್ಕುವುದಿಲ್ಲ. ಬ್ರಿಟಿಷ್ ಸೇನಾಧಿಕಾರಿ ಡಯರ್ ಅಲ್ಲಿ ಎಚ್ಚರಿಕೆ ಕೊಡದೆ 1,650 ಸುತ್ತು ಗುಂಡು ಹಾರಿಸಿದ. ಸರ್ಕಾರದ ಲೆಕ್ಕವೇ 379 ಸಾವು. ಗುಂಪು ಚದುರಿಸುವುದಷ್ಟೇ ತನ್ನ ಉದ್ದೇಶವಾಗಿರಲಿಲ್ಲ, ಇಡೀ ಪಂಜಾಬಿನ ಮನಸ್ಸಿನ ಮೇಲೆ ಪರಿಣಾಮವಾಗಬೇಕಿತ್ತು ಎಂದು ಸರ್ಕಾರ ನೇಮಿಸಿದ ಹಂಟರ್ ವಿಚಾರಣಾ ಸಮಿತಿಯ ಮುಂದೆ ಅವನೇ ಒಪ್ಪಿಕೊಂಡ. ಭೀತಿ ಹುಟ್ಟಿಸುವ ಉದ್ದೇಶಕ್ಕೆ ಇದಕ್ಕಿಂತ ಸ್ಪಷ್ಟವಾದ ಹೇಳಿಕೆ ಬೇಕಿಲ್ಲ. ಆದರೂ ಅವನ ಮೇಲೆ ಮೊಕದ್ದಮೆ ಹೂಡಲಿಲ್ಲ.

ಹಾಗೆಂದು ಅಳತೆಗೋಲನ್ನು ತಿರುಗಿಸಿ ಹಿಡಿದು, ಸಾಮ್ರಾಜ್ಯದ ವಿರುದ್ಧ ನಡೆದದ್ದೆಲ್ಲ ಸರಿ ಎನ್ನಲೂ ಆಗದು. 1908ರ ಏಪ್ರಿಲ್ 30ರ ರಾತ್ರಿ ಮುಜಾಫರ್‌ಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ಕಾದಿದ್ದು ಜಿಲ್ಲಾ ನ್ಯಾಯಾಧೀಶ ಕಿಂಗ್ಸ್‌ಫೋರ್ಡ್‌ಗಾಗಿ. ಆತ ಕಲ್ಕತ್ತೆಯಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದಾಗ 15 ವರ್ಷದ ಹುಡುಗನಿಗೆ ಛಡಿಯೇಟು ಕೊಡಿಸಿದ್ದ. ಹುಡುಗರ ಸಿಟ್ಟಿಗೆ ಕಾರಣವಿತ್ತು. ಆದರೆ ಕತ್ತಲಲ್ಲಿ ಅವರು ಗುರುತಿಟ್ಟುಕೊಂಡದ್ದು ಮನುಷ್ಯನನ್ನಲ್ಲ, ಕುದುರೆಗಾಡಿಯನ್ನು. ಅದೇ ತೆರನ ಗಾಡಿಯಲ್ಲಿದ್ದ ಕೆನಡಿ ಎಂಬ ಮನೆತನದ ತಾಯಿ, ಮಗಳು ಸತ್ತರು. ಚಾಕಿ ಗುಂಡು ಹಾರಿಸಿಕೊಂಡ. 18ರ ಖುದಿರಾಮ್ ಆಗಸ್ಟ್ 11ರಂದು ಗಲ್ಲಿಗೇರಿದ.

ಲಾಹೋರಿನಲ್ಲೂ 1928ರ ಡಿಸೆಂಬರ್ 17ರಂದು ಗುರುತು ತಪ್ಪಿತು. ಭಗತ್ ಸಿಂಗ್ ಗುಂಪಿಗೆ ಬೇಕಾಗಿದ್ದವನು ಪೊಲೀಸ್ ಸೂಪರಿಂಟೆಂಡೆಂಟ್ ಸ್ಕಾಟ್, ಠಾಣೆಯಿಂದ ಹೊರಬಂದು ಸತ್ತವನು ಸಾಂಡರ್ಸ್. ಬೆನ್ನಟ್ಟಿದ ಹೆಡ್ ಕಾನ್‌ಸ್ಟೇಬಲ್ ಚನನ್ ಸಿಂಗ್ ಕೂಡ ಗುಂಡಿಗೆ ಬಲಿಯಾದ. ಅವನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದು ಅಪರೂಪ, ಕಾಣಬೇಕಿತ್ತು. ಈ ಬಗೆಯ ಕೃತ್ಯ ಕೆಡುವುದು ಸಾಮಾನ್ಯವಾಗಿ ಇದೇ ಜಾಗದಲ್ಲಿ. ಬಾಂಬಿಗಾಗಲಿ ಪಿಸ್ತೂಲಿಗಾಗಲಿ ಎರಡನೇ ಯೋಚನೆ ಇಲ್ಲ, ಮೇಲ್ಮನವಿಯೂ ಇಲ್ಲ. ಮರುವರ್ಷ ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಹಾಕುವಾಗ ಭಗತ್ ಸಿಂಗ್, ಬಟುಕೇಶ್ವರ ದತ್ತ ಯಾರೂ ಕೂತಿರದ ಜಾಗ ನೋಡಿ ಎಸೆದರು, ಓಡದೆ ನಿಂತು ಸೆರೆಯಾದರು. ಲಾಹೋರಿಗೂ ದೆಹಲಿಗೂ ನಡುವೆ ಅದೇ ಗುಂಪಿನವರ ನಡೆಯಲ್ಲಿ ಬಂದ ಈ ವ್ಯತ್ಯಾಸ ದೊಡ್ಡದು. ತಾನು ಭಯೋತ್ಪಾದಕನಲ್ಲ, ಕ್ರಾಂತಿಕಾರಿ ಎಂದು ಭಗತ್ ಸಿಂಗ್ 1931ರ ಫೆಬ್ರವರಿಯಲ್ಲಿ ಜೈಲಿನಿಂದ ಬರೆದದ್ದನ್ನು ಓದಬೇಕಾದದ್ದು ಈ ಬದಲಾವಣೆಯ ಜೊತೆಯಲ್ಲೇ.

ಪ್ರತಿ ಬಾಂಬಿನ ಹಿಂದೆ ಒಂದು ಕಾಯ್ದೆ ಬಂತು. ಮುಜಾಫರ್‌ಪುರದ ಬೆನ್ನಿಗೇ 1908ರ ಸ್ಫೋಟಕ ವಸ್ತುಗಳ ಕಾಯ್ದೆ; ಅದು ಇಂದಿಗೂ ಜಾರಿಯಲ್ಲಿದೆ. ಕಲ್ಲುಕ್ವಾರಿಗಳಿರುವ ಕಡೆ ಜೆಲಟಿನ್ ಕಡ್ಡಿ ಅಕ್ರಮವಾಗಿ ಕೂಡಿಟ್ಟವರ ಮೇಲೂ ಅದನ್ನು ಹಾಕುವುದುಂಟು. 1919ರಲ್ಲಿ ರೌಲಟ್ ಕಾಯ್ದೆ. 1932ರ ಬಂಗಾಳದ ಕಾಯ್ದೆಯ ಹೆಸರಿನಲ್ಲೇ ಭಯೋತ್ಪಾದನೆ ಎಂಬ ಮಾತಿತ್ತು. ಸ್ವತಂತ್ರ ಭಾರತದಲ್ಲಿ 1985ರ ಟಾಡಾ, 2002ರ ಪೋಟಾ, ಈಗಿನ ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ). ಆಳುವವರು ಬದಲಾದರೂ ವಿಚಾರಣೆಗೆ ಮುನ್ನವೇ ದೀರ್ಘಕಾಲ ಕೂಡಿಹಾಕುವ ಅಭ್ಯಾಸ ಉಳಿಯಿತು.

ಗುಂಪಿನ ಮೇಲೆ ಬಲಪ್ರಯೋಗಕ್ಕೂ ಬರೆದಿಟ್ಟ ಕ್ರಮವಿದೆ. 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ ಮ್ಯಾಜಿಸ್ಟ್ರೇಟ್ ಇಲ್ಲವೇ ಠಾಣಾಧಿಕಾರಿ ಮೊದಲು ‘ಚದುರಿ’ ಎಂದು ಆದೇಶ ಕೊಡುವುದು ಕ್ರಮ. ಚದುರದಿದ್ದರೆ, ಇಲ್ಲವೇ ಚದುರುವ ಮನಸ್ಸಿಲ್ಲವೆಂದು ಗುಂಪು ನಡೆಯಲ್ಲೇ ತೋರಿಸಿದರೆ ಬಲ. ಅದಕ್ಕೂ ಬಗ್ಗದಿದ್ದರೆ ಸೇನೆ, ಅದೂ ಸಾಧ್ಯವಾದಷ್ಟು ಕಡಿಮೆ ಹಾನಿಯಾಗುವಂತೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 148ರಿಂದ 151ರವರೆಗಿನ ಕಲಮುಗಳಲ್ಲಿ ಇದೇ ಸಾಲು ಮುಂದುವರಿದಿದೆ. ಆದೇಶ ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ, ಹೊರಹೋಗುವ ದಾರಿ ಕಿರಿದಾಗಿದ್ದರೆ ಕಾಗದದ ಮೇಲಿನ ಕ್ರಮ ಕಾಗದದಲ್ಲೇ ಉಳಿಯುತ್ತದೆ. ಜಲಿಯನ್‌ವಾಲಾ ಬಾಗ್‌ನಲ್ಲಿ ಮುಖ್ಯ ದಾರಿಗೆ ಸೈನಿಕರೇ ಅಡ್ಡ ನಿಂತಿದ್ದರು. ಇನ್ನು ಕೊನೆಯ ಕಲಮು: ಗುಂಡು ಹಾರಿಸಿದವರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ್ದೇ ಅನುಮತಿ ಬೇಕು.

ವಿದುರಾಶ್ವತ್ಥದ ಬಳಿಕ ನಿವೃತ್ತ ನ್ಯಾಯಮೂರ್ತಿ ವೇಪ ರಾಮೇಶಂ ವಿಚಾರಣೆ ನಡೆಸಿದರು. ಮೇ ತಿಂಗಳಲ್ಲೇ ವಲ್ಲಭಭಾಯಿ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ, ಮೈಸೂರು ಧ್ವಜದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲು ಅನುಮತಿ ಸಿಕ್ಕಿತು. ಬಾವುಟ ಹಾರಿಸುವುದೆಂಬ, ಏಪ್ರಿಲ್‌ನಲ್ಲಿ ಜನರ ಜೀವಕ್ಕೆ ಎರವಾದ ಅಪರಾಧ ಮೇ ತಿಂಗಳಲ್ಲಿ ಅಪರಾಧವೇ ಅಲ್ಲ. ಇಷ್ಟು ಸುಲಭವಾಗಿ ಬಿಟ್ಟುಕೊಡಬಹುದಾದ ನಿಷೇಧಕ್ಕಾಗಿ ಅಷ್ಟು ಜನ ಸತ್ತರೆನ್ನುವುದು ಸಹಿಸಲಾಗದ ಸಂಗತಿ. ಇನ್ನೂ ಒಂದು ತೊಡಕಿದೆ. ಬಂದೂಕು ಹಿಡಿದದ್ದು ಇಂಗ್ಲೆಂಡಿನ ಸೈನಿಕರಲ್ಲ, ಮಹಾರಾಜರ ಸರ್ಕಾರದ ಪೊಲೀಸರು, ಇದೇ ಸಂಸ್ಥಾನದವರು.

1942ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗದ ಈಸೂರಿನಲ್ಲಿ ಪೆಟ್ಟು ತಿರುಗಿ ಬಿತ್ತು. ತಮ್ಮ ಊರು ಸ್ವತಂತ್ರವೆಂದು ಸಾರಿದ್ದ ಜನರ ಕೈಯಲ್ಲಿ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. ಮರುವರ್ಷ ಐವರನ್ನು ಗಲ್ಲಿಗೇರಿಸಲಾಯಿತು. ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದವರಲ್ಲಿ ಯಾರಿಗೂ ಗಲ್ಲಾಗಿರಲಿಲ್ಲ.

ಸಾಮ್ರಾಜ್ಯ ಹೋದ ಮೇಲೂ ಪ್ರಶ್ನೆ ಹೋಗಿಲ್ಲ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ಕೆಲವೇ ದಿನಗಳಲ್ಲಿ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ರಾತ್ರಿ ದಾಳಿ ಮಾಡಿ ಕೊಂದರು. ಸತ್ತ ಪೇದೆಗಳಲ್ಲಿ ಯಾರೂ ಎನ್‌ಕೌಂಟರಿಗೆ ಆದೇಶ ಕೊಟ್ಟವರಲ್ಲ. ಸೇಡು ಹುಡುಕಿಕೊಂಡು ಹೋದದ್ದು ಸಮವಸ್ತ್ರವನ್ನು, ಮುಜಾಫರ್‌ಪುರದಲ್ಲಿ ಗಾಡಿಯನ್ನು ಹುಡುಕಿದಂತೆಯೇ.

1996ರಲ್ಲಿ ಭಾರತವೇ ವಿಶ್ವಸಂಸ್ಥೆಯ ಮುಂದೆ ಭಯೋತ್ಪಾದನೆಯ ಸಮಗ್ರ ಒಪ್ಪಂದದ ಕರಡು ಇಟ್ಟಿತು. ಅದು ಇನ್ನೂ ಅಂತಿಮವಾಗಿಲ್ಲ. ಪ್ರಭುತ್ವದ ಸೇನೆಯ ಕೃತ್ಯ ಅದರೊಳಗೆ ಬರಬೇಕೇ, ಪರರ ಆಳ್ವಿಕೆಯ ವಿರುದ್ಧ ಬಿಡುಗಡೆಗೆ ಹೋರಾಡುವವರನ್ನು ಹೊರಗಿಡಬೇಕೇ ಎಂಬಲ್ಲಿ ಮಾತುಕತೆ ನಿಂತಿದೆ.