ಕಸುಬು ಕಲಿಯಲು ಹೋದವರಿಗೆ ಮೊದಲು ಪೊರಕೆ ಕೊಡುವುದು ಯಾಕೆ?

ಪ್ರಶ್ನೆ: ಮರಗೆಲಸ ಕಲಿಯಲು ಒಬ್ಬ ಮೇಸ್ತ್ರಿಯ ಹತ್ತಿರ ಸೇರಿ ಮೂರು ತಿಂಗಳಾಯಿತು. ಗುಡಿಸುವುದು, ಹಲಗೆ ಹೊರುವುದು, ಉಳಿ ಮಸೆಯುವುದು ಬಿಟ್ಟರೆ ಬೇರೇನೂ ಕೊಟ್ಟಿಲ್ಲ. ಇದು ಕಲಿಕೆನಾ, ಇಲ್ಲ ಸುಮ್ನೆ ಬಿಟ್ಟಿ ದುಡಿಮೆನಾ?

ಉತ್ತರ: ಎರಡೂ ಆಗಿರಬಹುದು. ನಿಮ್ಮ ಕೈಯಲ್ಲಿರುವ ಆ ಉಳಿಯಿಂದಲೇ ಶುರು ಮಾಡೋಣ.

ಉಳಿಯನ್ನು ಸಾಣೆಕಲ್ಲಿನ ಮೇಲೆ ಒಂದೇ ಓರೆಯಲ್ಲಿ, ಹೆಚ್ಚುಕಡಿಮೆ 25ರಿಂದ 30 ಡಿಗ್ರಿಯಲ್ಲಿ ಹಿಡಿದು ಉಜ್ಜಬೇಕು. ಮಣಿಕಟ್ಟು ಅಲುಗಿದರೆ ಅಂಚು ದುಂಡಗಾಗುತ್ತದೆ. ಸರಿಯಾಗಿ ಮಸೆದಾಗ ಹಿಂಬದಿಯಲ್ಲಿ ಕೂದಲೆಳೆಯಷ್ಟು ಲೋಹ ಮಡಚಿಕೊಂಡು, ಬೆರಳಾಡಿಸಿದರೆ ತರಿತರಿ ಅನ್ನಿಸುತ್ತದೆ. ಆ ತರಿ ಒಂದು ತುದಿಯಿಂದ ಇನ್ನೊಂದು ತುದಿವರೆಗೂ ಸಿಕ್ಕರೆ ಮಾತ್ರ ಆ ಬದಿ ಮುಗಿದ ಹಾಗೆ. ಇದನ್ನು ಬಾಯಲ್ಲಿ ಹೇಳಲು ಅರ್ಧ ನಿಮಿಷ ಸಾಕು. ಬೆರಳಿಗೆ ಗೊತ್ತಾಗಲು ವಾರಗಳು ಬೇಕು. ಮೊಂಡು ಉಳಿ ಹಿಡಿದವರು ಜಾಸ್ತಿ ಬಲ ಹಾಕುತ್ತಾರೆ, ಉಳಿ ಜಾರುತ್ತದೆ, ಕೈ ಕೊಯ್ದುಕೊಳ್ಳುತ್ತಾರೆ. ಹಲಗೆ ಹೊರುವಾಗಲೂ ಪಾಠ ನಡೆಯುತ್ತಿರುತ್ತದೆ. ಒಂದೇ ಜಾತಿಯ ಮರದಲ್ಲಿ ಯಾವ ಹಲಗೆ ಒಣಗಿದೆ, ಯಾವುದು ಇನ್ನೂ ಹಸಿ ಅಂತ ಭುಜವೇ ಹೇಳತೊಡಗುತ್ತದೆ.

ಕಸುಬಿನಲ್ಲಿ ಯಾವ ಕೆಲಸ ಮೊದಲು ಕೊಡಬೇಕು ಅನ್ನುವುದು ಬಹುಮಟ್ಟಿಗೆ ತಪ್ಪಿದರೆ ಎಷ್ಟು ನಷ್ಟ ಅನ್ನುವುದರ ಮೇಲೆ ನಿಂತಿದೆ. 1970ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಜೀನ್ ಲೇವ್ ಪಶ್ಚಿಮ ಆಫ್ರಿಕಾದ ಲೈಬೀರಿಯಾ ದೇಶದ ದರ್ಜಿಗಳ ನಡುವೆ ಇದ್ದು ಅಧ್ಯಯನ ಮಾಡಿದರು. ಅಲ್ಲಿ ಬಟ್ಟೆ ತಯಾರಾಗುವ ಕ್ರಮವನ್ನು ಹಿಂದುಮುಂದಾಗಿ ಕಲಿಸುತ್ತಿದ್ದರು. ಮೊದಲು ಗುಂಡಿ ಹಚ್ಚುವುದು, ಅಂಚು ಮಡಚಿ ಹೊಲಿಯುವುದು. ಆಮೇಲೆ ತುಂಡುಗಳನ್ನು ಜೋಡಿಸುವುದು. ಕತ್ತರಿ ಕೊನೆಗೆ. ಗುಂಡಿ ತಪ್ಪಿದರೆ ದಾರ ಬಿಚ್ಚಿ ಮತ್ತೆ ಹಾಕಬಹುದು. ತಪ್ಪಾಗಿ ಕತ್ತರಿಸಿದ ಬಟ್ಟೆ ಹೋಯಿತು ಅಂತಲೇ ಲೆಕ್ಕ ಅಲ್ವಾ? ಕತ್ತರಿ ಕೈಗೆ ಬರುವ ಹೊತ್ತಿಗೆ ಯಾವ ತುಂಡು ಎಲ್ಲಿ ಕೂರುತ್ತದೆ ಅನ್ನುವುದೂ ಕಣ್ಣಿಗೆ ಕಟ್ಟಿರುತ್ತಿತ್ತು. ನನಗೆ ಇದು ತುಂಬಾ ಜಾಣತನದ ಕ್ರಮ ಅನ್ನಿಸುತ್ತದೆ.

ಗುರುವಿನ ಹತ್ತಿರ ಎಷ್ಟು ವರ್ಷ ಕಲಿಯಬೇಕು ಅನ್ನುವುದು ಕಾಲಕ್ಕೆ, ದೇಶಕ್ಕೆ ತಕ್ಕಂತೆ ಬದಲಾಗಿದೆ. 1563ರ ಇಂಗ್ಲೆಂಡಿನ ಕಾನೂನು ಕನಿಷ್ಠ 7 ವರ್ಷ ಅಂದಿತ್ತು. 1814ರಲ್ಲಿ ಆ ಕಟ್ಟಳೆ ತೆಗೆದರು. ಜರ್ಮನಿಯಲ್ಲಿ ಈಗ ಸಾಮಾನ್ಯವಾಗಿ 2ರಿಂದ 3.5 ವರ್ಷ, ಕೆಲಸದ ಜೊತೆಗೆ ಶಾಲೆಯೂ ಇರುತ್ತದೆ. ಹಳೆಯ 7 ವರ್ಷವೂ ಪೂರ್ತಿ ಕಲಿಕೆಗೇ ಹೋಗುತ್ತಿರಲಿಲ್ಲ. ಶುರುವಿನಲ್ಲಿ ಹಾಳಾದ ಸಾಮಾನು, ಹೇಳಿಕೊಡಲು ಹೋದ ಹೊತ್ತು, ಊಟ ವಸತಿ ಎಲ್ಲವನ್ನೂ ಕೈ ಪಳಗಿದ ಮೇಲಿನ ದುಡಿಮೆಯಿಂದ ಗುರು ವಾಪಸ್ ಪಡೆಯುತ್ತಿದ್ದರು. ಮೋಸ ನುಸುಳುವುದೂ ಇಲ್ಲೇ. ಕಲಿಸುವುದು ನಿಂತಿರುತ್ತದೆ, ದುಡಿಸಿಕೊಳ್ಳುವುದು ಮಾತ್ರ ನಡೆದಿರುತ್ತದೆ.

ಈಗ ನಿಮ್ಮ ವಿಷಯ. ಮೂರು ತಿಂಗಳು ಜಾಸ್ತಿಯೇನಲ್ಲ. ಆದರೆ ಇಷ್ಟರಲ್ಲಿ ಉಳಿದ ತುಂಡು ಮರದ ಮೇಲಾದರೂ ಉಳಿ ಹಚ್ಚಲು ಬಿಡಬೇಕಿತ್ತು. ಮುಂದಿನ ಕೆಲಸ ಏನು, ಯಾವಾಗ ಕೊಡುತ್ತೀರಿ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ, ನಿಮ್ಮ ವರ್ಷಗಳ ಪ್ರಶ್ನೆ ಇದು.

ನಾಳೆ ಮಸೆದ ಉಳಿಯನ್ನು ಮೇಸ್ತ್ರಿಯ ಕೈಗೇ ಕೊಟ್ಟು, "ಸರಿ ಇದೆಯಾ ನೋಡಿ" ಅನ್ನಿ. ಬೆರಳಾಡಿಸಿ ನೋಡಿ, "ಈ ಮೂಲೆ ಇನ್ನೂ ಬಂದಿಲ್ಲ" ಅಂದರೆ ಅಲ್ಲೇ ಇರಿ. ಕಣ್ಣು ಹಾಯಿಸದೆ ಪಕ್ಕಕ್ಕಿಟ್ಟರೆ, ದಿನವೂ ಹೀಗೇ ಆದರೆ, ಬೇರೆ ಮೇಸ್ತ್ರಿಯನ್ನು ಹುಡುಕಿ.